ಮೊದಲು ಬಿಡುವ ಜಾಗ, ಆಮೇಲೆ ಮನೆ

(ಮೈಸೂರಿನ ಕುವೆಂಪುನಗರದಲ್ಲಿ, ಸಣ್ಣ ಸೈಟಿನಲ್ಲಿ ಮನೆ ಕಟ್ಟಲು ಹೊರಟವರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಕೆಲಸ ಮನೆಗಳ ನಕ್ಷೆ ಬರೆಯುವುದು. ಅದರಲ್ಲೂ ಹೆಚ್ಚಾಗಿ 20×30, 30×40 ಅಡಿಯ ಸೈಟುಗಳದ್ದು. ಮನೆ ಕಟ್ಟಬೇಕು ಅಂತ ಬರುವವರು ಮೊದಲು ಹೇಳುವುದು ರೂಮುಗಳ ಪಟ್ಟಿ. ಎರಡು ಬೆಡ್‌ರೂಮ್, ಒಂದು ಹಾಲ್, ಅಡುಗೆಮನೆ, ಈಶಾನ್ಯಕ್ಕೆ ದೇವರಮನೆ, ಕೆಳಗೆ ಕಾರು ನಿಲ್ಲಬೇಕು, ಮೇಲೆ ಒಂದು ಬಾಡಿಗೆ ಮನೆ ಬರಬೇಕು. ಸೆಟ್‌ಬ್ಯಾಕ್, ಅಂದರೆ ಗೋಡೆಗೂ ಸೈಟಿನ ಗಡಿಗೂ ನಡುವೆ ಖಾಲಿ ಬಿಡಬೇಕಾದ ಜಾಗ, ಅದರ ಮಾತು ಬರುವುದು ಎಲ್ಲದರ ಕೊನೆಗೆ. ಅದೂ "ಅದೇನು ಬಿಡಿ ಸಾರ್, ಹೇಗಾದ್ರೂ ನೋಡ್ಕೊಳ್ಳೋಣ" ಅನ್ನುವ ಧಾಟಿಯಲ್ಲಿ.

ಇವತ್ತು ನಾನು ನಿಮಗೆ ಹೇಳಬೇಕಾದ್ದು ಒಂದೇ. ಈ ಕ್ರಮವನ್ನು ಹಿಂದುಮುಂದು ಮಾಡಿ. ಬಿಳಿ ಹಾಳೆಯ ಮೇಲೆ ಮೊದಲು ಸೈಟು ಬರೆಯಿರಿ. ಆಮೇಲೆ ಸುತ್ತ ಬಿಡಬೇಕಾದ ಜಾಗ ಬರೆಯಿರಿ. ನಡುವೆ ಉಳಿಯುತ್ತಲ್ಲ, ಅದರೊಳಗೆ ಮನೆ ಹುಡುಕಿ. ಸಣ್ಣ ಸೈಟಿನವರಿಗೆ ಇದು ಯಾಕೆ ಇಷ್ಟು ಮುಖ್ಯ ಅಂತ ತಿಳಿಯಲು ಒಂದು ಲೆಕ್ಕ ಹಾಕೋಣ.

ಸುಮ್ನೆ ಲೆಕ್ಕಕ್ಕೆ, ನಾಲ್ಕೂ ಕಡೆ 1 ಮೀಟರ್ ಬಿಡಬೇಕು ಅಂದುಕೊಳ್ಳಿ. ಅಂದರೆ ಸುಮಾರು 3 ಅಡಿ 3 ಇಂಚು. 40×60ರ ಸೈಟಿನಲ್ಲಿ 2400 ಚದರಡಿ ಇದೆ. 1 ಮೀಟರ್ ಬಿಟ್ಟರೆ ನಡುವೆ ಉಳಿಯುವುದು ಸುಮಾರು 1790. ಕಾಲು ಭಾಗ ಹೋಯಿತು. 30×40ರಲ್ಲಿ 1200ಕ್ಕೆ ಉಳಿಯುವುದು ಸುಮಾರು 785. ಮೂರರಲ್ಲಿ ಒಂದು ಭಾಗ ಹೋಯಿತು. 20×30ರಲ್ಲಿ 600ಕ್ಕೆ ಉಳಿಯುವುದು ಬರೀ 315. ಹತ್ತಿರ ಹತ್ತಿರ ಅರ್ಧ! ಅದೇ ಮೀಟರ್, ಆದರೆ ಸೈಟು ಸಣ್ಣದಾದಷ್ಟೂ ಅದು ತಿನ್ನುವ ಪಾಲು ಜಾಸ್ತಿ. ದೊಡ್ಡ ಸೈಟಿನವರು ರೂಮಿನಿಂದ ಶುರು ಮಾಡಿದರೂ ಹೇಗೋ ನಡೆಯುತ್ತದೆ. 20×30ರವರು ಹಾಗೆ ಶುರು ಮಾಡಿದರೆ ನಿಯಮ ಮುರಿಯದೆ ಬೇರೆ ದಾರಿಯೇ ಉಳಿಯುವುದಿಲ್ಲ.

ಈ 1 ಮೀಟರ್ ಅನ್ನುವುದು ನಾನು ಲೆಕ್ಕಕ್ಕೆ ಇಟ್ಟುಕೊಂಡಿದ್ದು. ನಿಮ್ಮ ಸೈಟಿಗೆ ಎಷ್ಟು ಅನ್ನುವುದು ಅದರ ಅಗಲ, ಉದ್ದ, ಮುಂದಿನ ರಸ್ತೆ, ಅದು ಯಾವ ವಲಯದಲ್ಲಿದೆ ಅನ್ನುವುದರ ಮೇಲೆ ಹೋಗುತ್ತದೆ. ತೀರಾ ಸಣ್ಣ ಸೈಟಿಗೆ ಒಂದು ಪಕ್ಕ ಬಿಟ್ಟರೆ ಸಾಕು ಅನ್ನುವಂಥ ರಿಯಾಯಿತಿಯೂ ಇರಬಹುದು. ದೊಡ್ಡ ಸೈಟಿಗೆ ಇದಕ್ಕಿಂತ ಜಾಸ್ತಿ ಬಿಡಬೇಕು. ಮೂಲೆ ಸೈಟಿನವರು ಇನ್ನೊಂದು ವಿಚಾರ ಕೇಳಿ ತಿಳಿದುಕೊಳ್ಳಬೇಕು. ಎರಡು ಕಡೆ ರಸ್ತೆ ಇದ್ದರೆ ಎರಡೂ ಕಡೆ "ಮುಂಭಾಗ" ಅಂತ ಲೆಕ್ಕ ಹಿಡಿಯುತ್ತಾರಾ ಅಂತ. ಮೂಲೆ ಸೈಟು ಅಂತ ಹೆಚ್ಚು ದುಡ್ಡು ಕೊಟ್ಟು ತೆಗೆದುಕೊಂಡು, ಕಟ್ಟಲು ಮಾತ್ರ ಪಕ್ಕದ ಸೈಟಿಗಿಂತ ಕಡಿಮೆ ಜಾಗ ಉಳಿದವರು ಇದ್ದಾರೆ.

ಇಷ್ಟು ಕೇಳಿದ ಮೇಲೆ ನಿಮಗೆ ಸಿಟ್ಟು ಬರುವುದು ಸಹಜ. ನಮ್ಮ ದುಡ್ಡು, ನಮ್ಮ ಜಾಗ, ಅರ್ಧ ಖಾಲಿ ಬಿಡಿ ಅಂದರೆ ಹೇಗೆ? ಈ ನಿಯಮ ಎಲ್ಲಿಂದ ಬಂತು ಅಂತ ಮೈಸೂರಿನವರು ಒಮ್ಮೆ ನೆನೆಸಿಕೊಳ್ಳಬೇಕು.

19ನೇ ಶತಮಾನ ಮುಗಿಯುವ ಹೊತ್ತಿಗೆ ಮೈಸೂರಿಗೆ ಪ್ಲೇಗ್ ಬಂತು. ಕೋಟೆಯ ಒಳಗೆ, ಸುತ್ತಲ ಮೊಹಲ್ಲಾಗಳಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು. ಗಾಳಿ ಇಲ್ಲ, ಬೆಳಕಿಲ್ಲ, ಕೊಳಚೆ ಹರಿಯಲು ದಾರಿಯಿಲ್ಲ. ಅದಾದ ಮೇಲೆ, 1903ರಲ್ಲಿ, ನಗರ ಸುಧಾರಣೆಗೆ ಅಂತಲೇ ಒಂದು ಟ್ರಸ್ಟ್ ಬೋರ್ಡ್ ಆಯಿತು. ಹಳಬರು ಈಗಲೂ ಸಿಐಟಿಬಿ ಅನ್ನುತ್ತಾರಲ್ಲ, ಅದೇ. ಬೊಂಬಾಯಿಯಲ್ಲಿ 1898ರಲ್ಲಿ ಇಂಥದ್ದೇ ಟ್ರಸ್ಟ್ ಆಗಿದ್ದೂ ಪ್ಲೇಗ್ ಕಾರಣಕ್ಕೇ. ನಮ್ಮ ಹಳೇ ಬಡಾವಣೆಗಳ ನೇರ ರಸ್ತೆಗಳು, ಮಲ, ಕಸ ಸಾಗಿಸಲು ಮನೆ ಹಿಂದೆ ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳು ಆ ಕಾಲದ ಆಲೋಚನೆಯಿಂದ ಬಂದವು. 1988ರಲ್ಲಿ ಸಿಐಟಿಬಿ ಹೋಗಿ ಮುಡಾ, ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ ಬಂತು. ಅದರ ಹೆಸರು ಈಚೆಗೆ ಬದಲಾಗಿದ್ದರೂ ನಾವೆಲ್ಲ ಮುಡಾ ಅಂತಲೇ ಕರೆಯುತ್ತೇವೆ. ಹಾಗಾಗಿ ಗೋಡೆಗೂ ಗೋಡೆಗೂ ನಡುವೆ ಜಾಗ ಬಿಡಿ ಅನ್ನುವುದು ಯಾರೋ ಅಧಿಕಾರಿ ನಿಮ್ಮನ್ನು ಸತಾಯಿಸಲು ಬರೆದದ್ದಲ್ಲ. ಜನ ಸತ್ತಿದ್ದಾರೆ, ಅದಕ್ಕೆ ಬಂದದ್ದು.

ಹಾಗಂತ ಇವತ್ತಿನ ನಿಯಮಗಳೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ, ನಿಮ್ಮ ಸೈಟಿನ ಮೇಲೆ ಯಾರ್ಯಾರ ಮಾತು ನಡೆಯುತ್ತದೆ ಅಂತ ನೋಡೋಣ. ಹೆಚ್ಚಿನವರು ಪಾಲಿಕೆ ಒಂದೇ ಅಂದುಕೊಂಡಿರುತ್ತಾರೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಊರಿಗೊಂದು ಮಾಸ್ಟರ್ ಪ್ಲಾನ್ ಇರುತ್ತದೆ. ಯಾವ ಜಾಗ ವಾಸಕ್ಕೆ, ಯಾವುದು ಅಂಗಡಿಗೆ, ಯಾವುದು ಪಾರ್ಕು, ಎಲ್ಲಿ ಮುಂದೆ ರಸ್ತೆ ಅಗಲವಾಗುತ್ತದೆ ಅನ್ನುವುದೆಲ್ಲ ಅದರಲ್ಲಿದೆ. ಸೆಟ್‌ಬ್ಯಾಕು, ನೆಲದ ಮೇಲೆ ಎಷ್ಟು ಭಾಗ ಕಟ್ಟಬಹುದು, ಎಲ್ಲ ಮಹಡಿ ಸೇರಿ ಎಷ್ಟು ಕಟ್ಟಬಹುದು ಅನ್ನುವುದೂ ಅದರ ವಲಯ ನಿಯಮಗಳಲ್ಲೇ ಇರುತ್ತದೆ. ಈ ಕೊನೆಯದನ್ನು ಇಂಜಿನಿಯರುಗಳು ಎಫ್‌ಎಆರ್ ಅನ್ನುತ್ತಾರೆ. ಎಫ್‌ಎಆರ್ 1.75 ಅಂದರೆ 1200 ಚದರಡಿ ಸೈಟಿನಲ್ಲಿ ಎಲ್ಲ ಮಹಡಿ ಸೇರಿ 2100 ಚದರಡಿ. ನಮ್ಮ ಭಾಷೆಯಲ್ಲಿ 21 ಚದರ. ಸಣ್ಣ ಮನೆಯವರಿಗೆ ಎಫ್‌ಎಆರ್ ಅಷ್ಟಾಗಿ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಸೆಟ್‌ಬ್ಯಾಕೇ.

ನಕ್ಷೆಗೆ ಒಪ್ಪಿಗೆ ಕೊಡುವುದು ನಿಮ್ಮ ಪಾಲಿಕೆ, ನಗರಸಭೆ ಅಥವಾ ಪ್ರಾಧಿಕಾರ. ಬಡಾವಣೆ ಇನ್ನೂ ಪಾಲಿಕೆಗೆ ಹಸ್ತಾಂತರ ಆಗಿಲ್ಲ ಅಂದರೆ ಪ್ರಾಧಿಕಾರಕ್ಕೇ ಹೋಗಬೇಕಾಗುತ್ತದೆ. ಇದನ್ನು ಮೊದಲೇ ಕೇಳಿಕೊಳ್ಳಿ, ಇಲ್ಲದಿದ್ದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಲೆಯುವುದೇ ಆಗುತ್ತದೆ.

ಮಂಡ್ಯ ಕಡೆಯಿಂದ ಬಂದವರಿಗೆ ಒಂದು ಮಾತು. ಊರಂಚಿನ ಗದ್ದೆಗೆ ಕಲ್ಲು ನೆಟ್ಟು ಸೈಟು ಅಂತ ಮಾರುವುದು ಅಲ್ಲಿ ಜಾಸ್ತಿ. ಜಮೀನು ಕೃಷಿಯಿಂದ ವಾಸದ ಬಳಕೆಗೆ ಭೂಪರಿವರ್ತನೆ (ಡಿಸಿ ಕನ್ವರ್ಷನ್) ಆಗಿದೆಯಾ? ಬಡಾವಣೆ ನಕ್ಷೆಗೆ ಮಂಜೂರಾತಿ ಇದೆಯಾ? ಎರಡೂ ಬೇರೆ ಬೇರೆ. ಡಿಸಿ ಕನ್ವರ್ಷನ್ ಆದ ಮಾತ್ರಕ್ಕೆ ಅದು ಮಂಜೂರಾದ ಬಡಾವಣೆ ಆಗುವುದಿಲ್ಲ. ಮಂಜೂರಾತಿ ಇಲ್ಲದ ಸ್ವತ್ತಿಗೆ ತೆರಿಗೆ ಕಟ್ಟಿಸಿಕೊಳ್ಳಲು ಕೊಡುವ ಬಿ ಖಾತಾ ಸಿಕ್ಕಿದ ಮಾತ್ರಕ್ಕೂ ಆಗುವುದಿಲ್ಲ. ತೆರಿಗೆ ಕಟ್ಟಿಸಿಕೊಂಡರು ಅಂದರೆ ಕಟ್ಟಡಕ್ಕೆ ಒಪ್ಪಿಗೆ ಕೊಟ್ಟರು ಅಂತ ಅರ್ಥ ಅಲ್ಲ. ಇನ್ನೊಂದು, ನಾಲೆ ನೀರು ಹರಿದ ಗದ್ದೆಯಲ್ಲಿ ತೇವ ತುಂಬಾ ಮೇಲೇ ಇರುತ್ತದೆ. ಮಣ್ಣು ತುಂಬಿಸಿ ಸಮ ಮಾಡಿದ ಸೈಟಾದರೆ ಗುಂಡಿ ತೆಗೆಸಿ ನೋಡದೆ ಪಾಯದ ಖರ್ಚು ಅಂದಾಜು ಮಾಡಬೇಡಿ.

ಶ್ರೀರಂಗಪಟ್ಟಣದವರ ಕಷ್ಟವೇ ಬೇರೆ. ದರಿಯಾ ದೌಲತ್, ಗುಂಬಜ್, ಶ್ರೀರಂಗನಾಥಸ್ವಾಮಿ ದೇವಸ್ಥಾನ ಇವೆಲ್ಲ ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಇಂಥ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅಲ್ಲಿಂದಾಚೆ ಇನ್ನೂ 200 ಮೀಟರ್‌ವರೆಗೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಇಲ್ಲದೆ ಕಟ್ಟುವಂತಿಲ್ಲ. 1958ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿ ಇದು. ಅಳೆಯುವುದು ಸ್ಮಾರಕದ ಗೋಡೆಯಿಂದ ಅಲ್ಲ, ರಕ್ಷಿತ ಜಾಗದ ಗಡಿಯಿಂದ. ಜನ ಎಡವುವುದು ಇಲ್ಲೇ. ದೇವಸ್ಥಾನದ ಗೋಡೆಯಿಂದ ಟೇಪು ಹಿಡಿದು "ನಮ್ಮದು 110 ಮೀಟರ್ ಇದೆ" ಅಂತ ನಿರಾಳವಾಗಿರುತ್ತಾರೆ. ಹಳೇ ಮನೆ ಇದ್ದರೆ ರಿಪೇರಿಗೆ ಅನುಮತಿ ಕೇಳಲು ಅವಕಾಶ ಇದೆ. ಆದರೆ ಕೆಡವಿ ಹೊಸದು ಕಟ್ಟುವುದನ್ನು ರಿಪೇರಿ ಅಂತ ಕರೆದರೆ ನಡೆಯುವುದಿಲ್ಲ. ಕೋಟೆಯೊಳಗೆ ತಲೆತಲಾಂತರದಿಂದ ಇರುವ ಬಡ ಕುಟುಂಬಕ್ಕೆ ಈ ಕಾಯ್ದೆ ನಿಜವಾಗಿಯೂ ಕಠಿಣ. ಸ್ಮಾರಕ ಉಳಿಯಬೇಕು ಅನ್ನುವವನೇ ನಾನು. ಆದರೂ ಅಲ್ಲಿಯವರ ಮಾಡು ಸೋರುವಾಗ ಅನುಮತಿ ಬೇಗ ಸಿಗುವ ವ್ಯವಸ್ಥೆ ಬೇಕೇ ಬೇಕು.

ಇನ್ನು ಕಾನೂನಿನ ಪುಸ್ತಕದಲ್ಲಿ ಇಲ್ಲದ, ಆದರೆ ನಿಮ್ಮ ಕ್ರಯಪತ್ರದಲ್ಲಿ ಇರುವ ನಿರ್ಬಂಧ. ರಿಂಗ್ ರಸ್ತೆಯ ಆಚೆ ಕಾಂಪೌಂಡು, ಗೇಟು ಇರುವ ಖಾಸಗಿ ಲೇಔಟುಗಳು ಬಂದಿವೆ. ಕೆಲವು ಕಡೆ ಮಾರುವಾಗಲೇ ಷರತ್ತು ಬರೆಸುತ್ತಾರೆ. ಇಷ್ಟು ಚದರಕ್ಕಿಂತ ಚಿಕ್ಕ ಮನೆ ಕಟ್ಟಬಾರದು, ಶೀಟಿನ ಮಾಡು ಹಾಕಬಾರದು, ಕಾಂಪೌಂಡು ಇಷ್ಟೇ ಎತ್ತರ, ಅಂಗಡಿ ಇಡಬಾರದು, ಒಂದೇ ಕುಟುಂಬ ಇರಬೇಕು ಅಂತೆಲ್ಲ. ಸಣ್ಣ ಮನೆ ಸಾಕು ಅನ್ನುವವರಿಗೆ ಮೊದಲನೆಯ ಷರತ್ತೇ ಬಾಗಿಲು ಹಾಕಿಬಿಡುತ್ತದೆ. ಗಂಡ ಹೆಂಡತಿ ಇಬ್ಬರೇ, ನಿವೃತ್ತಿ ಆಗಿದೆ, 6 ಚದರದ ಮನೆ ಸಾಕು. ಆದರೆ ಲೇಔಟಿನವರು 15 ಚದರ ಕಟ್ಟಿ ಅನ್ನುತ್ತಾರೆ. ಇದು ಬೆಲೆ ಇಳಿಯಬಾರದು ಅನ್ನುವ ಲೆಕ್ಕ, ಬೇರೇನಲ್ಲ. ನನಗೆ ಇದು ಸರಿ ಕಾಣುವುದಿಲ್ಲ.

ಇಲ್ಲಿ ಗಮನಿಸಬೇಕಾದ್ದು ಏನು ಅಂದರೆ, ಆ ಷರತ್ತು ಎಲ್ಲಿ ಬರೆದಿದೆ. ನೋಂದಣಿಯಾದ ಕ್ರಯಪತ್ರದಲ್ಲೇ ಬರೆದು, ನೀವು ಸಹಿ ಹಾಕಿದ್ದರೆ ಅದರ ತೂಕ ಒಂದು. ಸಂಘದ ಮೀಟಿಂಗಿನಲ್ಲಿ ನಾಲ್ಕು ಜನ ಕೂತು ಠರಾವು ಮಾಡಿದ್ದರೆ ಅದರ ತೂಕ ಇನ್ನೊಂದು. ನೀವು ಎರಡನೇ ಕೊಳ್ಳುವವರಾಗಿದ್ದರೂ ಮೊದಲ ಪತ್ರದ ಷರತ್ತು ನಿಮ್ಮನ್ನು ಹಿಡಿಯಬಹುದು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 40ನೇ ಕಲಂ ಹೇಳುವುದು ಅದನ್ನೇ: ಜಾಗದ ಬಳಕೆಯ ಮೇಲಿನ ನಿರ್ಬಂಧ ಗೊತ್ತಿದ್ದೂ ಕೊಂಡವರ ಮೇಲೂ ಅದನ್ನು ಜಾರಿ ಮಾಡಲು ಕೇಳಬಹುದು. ಹಾಗಾಗಿ ನಿಮ್ಮ ಪತ್ರ ಒಂದೇ ಓದಿದರೆ ಸಾಲದು. ಅದರ ಹಿಂದಿನ ತಾಯಿಪತ್ರವನ್ನೂ ತರಿಸಿ ಓದಿ. ಚಕ್ಕುಬಂದಿ, ಅಳತೆ ನೋಡಿ ಮಡಚಿ ಇಡುತ್ತೇವೆ ಅಲ್ವಾ? ಷರತ್ತು ಇರುವುದು ಅದಕ್ಕಿಂತ ಹಿಂದಿನ ಪುಟದಲ್ಲಿ. ಅಡ್ವಾನ್ಸ್ ಕೊಡುವ ಮೊದಲೇ ಒಬ್ಬ ವಕೀಲರಿಗೆ ತೋರಿಸಿ. ಮುಡಾ ಹಂಚಿದ ಸೈಟಾದರೂ ಹಂಚಿಕೆ ಪತ್ರದಲ್ಲಿ ಇಷ್ಟು ವರ್ಷದೊಳಗೆ ಕಟ್ಟಬೇಕು, ಇಷ್ಟು ವರ್ಷ ಮಾರಬಾರದು ಅಂತ ಇರುತ್ತದೆ. ಅದನ್ನೂ ನೋಡಿ.

ಈಗ ಮನೆಗೆ ಬರೋಣ. 20×30ರ ಸೈಟು, ಉಳಿದದ್ದು 13 ಅಡಿ 5 ಇಂಚು ಅಗಲ, 23 ಅಡಿ 5 ಇಂಚು ಉದ್ದ. 6 ಇಂಚಿನ ಬ್ಲಾಕ್ ಗೋಡೆ ಹಾಕಿದರೆ ಒಳಗೆ ಸಿಗುವುದು ಸುಮಾರು 278 ಚದರಡಿ. ಇದರಲ್ಲಿ ಮನೆ ಆಗುತ್ತಾ?

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ರೂಮು ಇದಕ್ಕಿಂತ ಚಿಕ್ಕದಾಗಬಾರದು ಅನ್ನುವ ಅಳತೆಗಳಿವೆ. ವಾಸದ ಕೋಣೆ 9.5 ಚದರ ಮೀಟರ್, ಅಂದರೆ 102 ಚದರಡಿ. ಅಗಲ 2.4 ಮೀಟರ್‌ಗಿಂತ ಕಡಿಮೆ ಇರಬಾರದು. ಎರಡನೇ ಕೋಣೆ 7.5 ಚದರ ಮೀಟರ್, ಸುಮಾರು 81 ಚದರಡಿ. ಅಡುಗೆಮನೆ 5 ಚದರ ಮೀಟರ್, ಹತ್ತಿರ ಹತ್ತಿರ 54 ಚದರಡಿ. ಬಚ್ಚಲು, ಶೌಚಾಲಯ ಒಟ್ಟಿಗೆ ಮಾಡಿದರೆ 2.8 ಚದರ ಮೀಟರ್, 30 ಚದರಡಿ. ಗೋಡೆಗುಂಟ ನೇರ ಏರುವ 3 ಅಡಿ ಅಗಲದ ಮೆಟ್ಟಿಲಿಗೆ 45 ಚದರಡಿ ಇಟ್ಟುಕೊಳ್ಳಿ.

ಕೆಳಗೆ ಹಾಲ್, ಅಡುಗೆಮನೆ, ಬಚ್ಚಲು, ಮೆಟ್ಟಿಲು: 231. ಒಳಗೋಡೆಗೆ, ಓಡಾಟಕ್ಕೆ 47 ಉಳಿಯಿತು. ಮೇಲೆ ಎರಡು ಮಲಗುವ ಕೋಣೆ, ಒಂದು ಬಚ್ಚಲು, ಮೆಟ್ಟಿಲು: 258. ಉಳಿದದ್ದು 20. ಬಿಗಿ ಇದೆ, ಆದರೆ ಕೂಡುತ್ತದೆ. ಒಂದು ಅಂಗುಲ ನಿಯಮ ಮುರಿಯದೆ, ಎರಡು ಬೆಡ್‌ರೂಮಿನ ಮನೆ. ನಾಲ್ಕೂ ಕಡೆ ಕಿಟಕಿ ತೆರೆಯುವ ಮನೆ. ನನಗೆ ಈ ಲೆಕ್ಕ ಪ್ರತಿ ಸಲ ಮಾಡಿದಾಗಲೂ ಖುಷಿಯಾಗುತ್ತದೆ.

ಕೂಡದೇ ಇರುವುದು ಕಾರು. ಕಾರಿಗೆ 8 ಅಡಿ ಅಗಲ, 16 ಅಡಿ ಉದ್ದವಾದರೂ ಬೇಕು. 13 ಅಡಿ ಅಗಲದ ಮನೆಯ ಕೆಳಗೆ ಕಾರು ನಿಲ್ಲಿಸಿದರೆ ಪಕ್ಕದಲ್ಲಿ ಉಳಿಯುವುದು 5 ಅಡಿ. ಅಲ್ಲಿ ಹಾಲ್ ಬರುವುದಿಲ್ಲ. 20×30ರಲ್ಲಿ ಕಾರು, ಬಾಡಿಗೆ ಮನೆ, ಎರಡು ಬೆಡ್‌ರೂಮ್ ಎಲ್ಲ ಬೇಕು ಅಂದಾಗಲೇ ಸೆಟ್‌ಬ್ಯಾಕಿಗೆ ಕೊಡಲಿ ಏಟು ಬೀಳುವುದು. ಕಾರು ಬೇಕಾ, ಕೆಳಗೆ ಹಾಲ್ ಬೇಕಾ ಅಂತ ಮನೆಯಲ್ಲಿ ಕೂತು ಮೊದಲೇ ತೀರ್ಮಾನ ಮಾಡಿ. ಈ ಮಾತು ಮೇಸ್ತ್ರಿ ಮುಂದೆ, ಪಾಯ ತೋಡುವ ದಿನ ಆಡುವುದಲ್ಲ.

ಇನ್ನೊಂದು ಕಳ್ಳದಾರಿ ಹೊರಗಿನ ಮೆಟ್ಟಿಲು. ನಕ್ಷೆಯಲ್ಲಿ ಮೆಟ್ಟಿಲು ಒಳಗೆ ತೋರಿಸಿ, ಕಟ್ಟುವಾಗ ಪಕ್ಕದ ಸೆಟ್‌ಬ್ಯಾಕಿನಲ್ಲಿ ಕಾಂಕ್ರೀಟು ಮೆಟ್ಟಿಲು ಎಬ್ಬಿಸುವುದು. ಮಂಜೂರಾತಿಗೆ ಒಂದು ಪ್ಲಾನು, ಕಟ್ಟಲು ಇನ್ನೊಂದು ಪ್ಲಾನು ಅನ್ನುವ ಪದ್ಧತಿ ನಮ್ಮಲ್ಲಿ ಎಷ್ಟು ಸಾಮಾನ್ಯ ಆಗಿದೆ ಅಂದರೆ ಜನ ಅದನ್ನು ತಪ್ಪು ಅಂತಲೇ ಅಂದುಕೊಳ್ಳುವುದಿಲ್ಲ. ನಾನು ಎರಡು ಪ್ಲಾನು ಬರೆದುಕೊಡುವುದಿಲ್ಲ. ನಿಮ್ಮ ಇಂಜಿನಿಯರ್ ಎರಡು ಕೊಡುತ್ತೇನೆ ಅಂದರೆ, ನಾಳೆ ನೋಟಿಸು ಬರುವುದು ಅವರ ಹೆಸರಿಗಲ್ಲ, ನಿಮ್ಮ ಹೆಸರಿಗೆ ಅನ್ನುವುದು ನೆನಪಿರಲಿ.

ಕರೆಂಟು ತಂತಿಯ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. ಮನೆ ಮುಂದೆ 11 ಕೆವಿ ಲೈನು ಹೋಗಿದ್ದರೆ ಕಟ್ಟಡದಿಂದ ಅಡ್ಡಲಾಗಿ 1.2 ಮೀಟರ್, ತಂತಿ ಮೇಲೆ ಹಾದಿದ್ದರೆ 3.7 ಮೀಟರ್ ಅಂತರ ಬೇಕು. ಸಣ್ಣ ಸೈಟಿನಲ್ಲಿ ಮೊದಲ ಮಹಡಿಯ ಬಾಲ್ಕನಿಯನ್ನು ಮುಂದಕ್ಕೆ ಚಾಚಿದರೆ ಸೀದಾ ತಂತಿಯ ಪಕ್ಕಕ್ಕೆ ಹೋಗುತ್ತದೆ. ಬಟ್ಟೆ ಒಣಗಿಸಲು ಕಬ್ಬಿಣದ ಕಂಬಿ ಎತ್ತಿ ಹಿಡಿದಾಗ ಏನಾಗುತ್ತದೆ ಅಂತ ಪತ್ರಿಕೆಯಲ್ಲಿ ಓದಿರುತ್ತೀರಿ. ಈ ಒಂದು ನಿಯಮದಲ್ಲಿ ಮಾತ್ರ ಯಾವ ಚೌಕಾಸಿಯೂ ಬೇಡ.

ಮಂಜೂರಾತಿ ಸಿಕ್ಕಿತು ಅಂದುಕೊಳ್ಳಿ. ಗುದ್ದಲಿ ಪೂಜೆಗೆ ಮೊದಲು ಸೈಟು ಅಳೆಯಿರಿ. 30×40ರ ಸೈಟು ಸರಿಯಾಗಿ ಮೂಲೆಮಟ್ಟ ಇದ್ದರೆ ಮೂಲೆಯಿಂದ ಮೂಲೆಗೆ ಕರಾರುವಾಕ್ಕಾಗಿ 50 ಅಡಿ ಬರಬೇಕು. 20×30ಕ್ಕೆ 36 ಅಡಿಗೆ ಅರ್ಧ ಇಂಚಿನ ಮೇಲೆ ಚೂರು ಜಾಸ್ತಿ. ನಾಲ್ಕೂ ಬದಿಯ ಅಳತೆ ಸರಿಯಿದ್ದು, ಎರಡೂ ಕರ್ಣಗಳು ಒಂದೇ ಬಂದರೆ ಸೈಟು ನೆಟ್ಟಗಿದೆ. ಬರದಿದ್ದರೆ ಎಲ್ಲೋ ಕಲ್ಲು ಸರಿದಿದೆ, ಇಲ್ಲ ಪಕ್ಕದವರ ಕಾಂಪೌಂಡು ಒಳಗೆ ಬಂದಿದೆ. ಸಣ್ಣ ಸೈಟಿನಲ್ಲಿ 6 ಇಂಚು ಅಂದರೆ ಸೆಟ್‌ಬ್ಯಾಕಿನ ಆರನೇ ಒಂದು ಭಾಗಕ್ಕೆ ಹತ್ತಿರ. ಸುಣ್ಣದ ಗೆರೆ ಎಳೆದ ದಿನ ಎರಡೂ ಪಕ್ಕದ ಮನೆಯವರನ್ನು ಕರೆದು ತೋರಿಸಿ. "ಅಕ್ಕ, ನೋಡಿ, ಇಲ್ಲಿಂದ ಇಲ್ಲಿಗೆ ನಾವು ಬಿಡ್ತಾ ಇದೀವಿ" ಅಂತ. ಆ ದಿನ ಅಳತೆ ಕಂಡವರು ಗೋಡೆ ಎದ್ದ ಮೇಲೆ ತಕರಾರು ತೆಗೆಯುವುದು ಕಡಿಮೆ.

ಈಗ ಪ್ರಶ್ನೆಗಳು.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: "ಸಾರ್, ನಮ್ಮ ಎರಡೂ ಪಕ್ಕದವರು ಒಂದಿಂಚೂ ಬಿಟ್ಟಿಲ್ಲ. ಅವರ ಗೋಡೆ ನಮ್ಮ ಗಡಿ ಮೇಲೇ ನಿಂತಿದೆ. ನಾನೊಬ್ಬ ಬಿಟ್ಟು ಏನು ಸಾಧಿಸಿದ ಹಾಗಾಯ್ತು?"

ಎಲ್ಲರ ಮನಸ್ಸಿನಲ್ಲೂ ಇರುವ ಪ್ರಶ್ನೆ ಇದು. ಕಾನೂನು ಆಮೇಲೆ, ಮೊದಲು ಗೋಡೆಯ ವಿಚಾರ ಹೇಳುತ್ತೇನೆ. ನೀವೂ ಗಡಿಗೆ ಅಂಟಿಸಿ ಕಟ್ಟಿದರೆ ಎರಡು ಗೋಡೆಗಳ ನಡುವೆ ಒಂದೆರಡು ಇಂಚು ಸಂದು ಉಳಿಯುತ್ತದೆ. ನಿಮ್ಮ ಗೋಡೆಯ ಹೊರಮೈಗೆ ಗಾರೆ ಹಚ್ಚಲು ಕೈ ಹೋಗುವುದಿಲ್ಲ. ಬರೀ ಬ್ಲಾಕು, ಬರೀ ಸಿಮೆಂಟು ಸಂದು. ಮಳೆ ನೀರು ಮೇಲಿನಿಂದ ಆ ಸಂದಿಗೆ ಇಳಿಯುತ್ತದೆ, ಆಚೆ ಹೋಗಲು ದಾರಿಯಿಲ್ಲ. ಎರಡನೇ ಮಳೆಗಾಲಕ್ಕೆ ನಿಮ್ಮ ಬೆಡ್‌ರೂಮಿನ ಗೋಡೆ ಒದ್ದೆಯಾಗಿ ಬಣ್ಣ ಏಳುತ್ತದೆ. ಅಲ್ಲೊಂದು ಅರಳಿ ಸಸಿ ಹುಟ್ಟಿಕೊಂಡರೆ ಕೀಳಲೂ ಆಗುವುದಿಲ್ಲ. ಇಲಿ, ಹೆಗ್ಗಣ ಬೇರೆ. ಒಳಗಿನಿಂದ ಎಷ್ಟು ವಾಟರ್‌ಪ್ರೂಫ್ ಬಳಿದರೂ ನೀರು ಬರುವುದು ಹೊರಗಿನಿಂದ ತಾನೇ?

ಪಾಯದ್ದೂ ಅಷ್ಟೇ. ಪಿಲ್ಲರ್ ಕೆಳಗಿನ ಫುಟಿಂಗ್ ನಾಲ್ಕು ಕಡೆಗೂ ಸಮನಾಗಿ ಹರಡಿರಬೇಕು. ಗಡಿ ಮೇಲೆ ಪಿಲ್ಲರ್ ನಿಲ್ಲಿಸಿದರೆ ಫುಟಿಂಗ್ ಪಕ್ಕದವರ ಜಾಗಕ್ಕೆ ಹೋಗುವಂತಿಲ್ಲ, ಒಂದೇ ಕಡೆ ಚಾಚಬೇಕು. ಭಾರ ನಡುವೆ ಬೀಳದೆ ಅಂಚಿಗೆ ಬೀಳುತ್ತದೆ. ಅದನ್ನು ಸರಿದೂಗಿಸಲು ಬೀಮು ಕಟ್ಟಬೇಕು, ಕಂಬಿ ಜಾಸ್ತಿ ಹಾಕಬೇಕು. 3 ಅಡಿ ಗಳಿಸಿದೆ ಅಂದುಕೊಂಡವರು ಆ ದುಡ್ಡನ್ನು ಮಣ್ಣಿನೊಳಗೆ ಹಾಕಿರುತ್ತಾರೆ. ಪಕ್ಕದವರು ಬಿಡದಿದ್ದರೂ ನೀವು 3 ಅಡಿ ಬಿಟ್ಟರೆ ನಿಮ್ಮ ಗೋಡೆ ಒಣಗಿರುತ್ತದೆ, ಕಿಟಕಿ ತೆರೆಯುತ್ತದೆ, ಡ್ರೈನೇಜ್ ಪೈಪು ಕಟ್ಟಿಕೊಂಡರೆ ಮನುಷ್ಯ ಒಳಗೆ ಹೋಗಿ ಸರಿಮಾಡಬಹುದು.

ಇನ್ನು ಕಾನೂನು. ಅವರು ತಪ್ಪು ಮಾಡಿದ್ದಾರೆ, ನನಗೂ ಬಿಡಿ ಅನ್ನುವ ವಾದವನ್ನು ಕೋರ್ಟುಗಳು ಒಪ್ಪುವುದಿಲ್ಲ. ಸಮಾನತೆಯ ಹಕ್ಕು ತಪ್ಪಿನಲ್ಲಿ ಸಮಾನತೆ ಕೊಡುವುದಿಲ್ಲ ಅಂತ ಎಷ್ಟೋ ಸಲ ಹೇಳಿವೆ. 2024ರ ಡಿಸೆಂಬರ್ 17ರಂದು ಮೀರತ್‌ನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಯಿತು. ಕಟ್ಟಡ ಮುಗಿದ ಪತ್ರ ಅಥವಾ ವಾಸಯೋಗ್ಯ ಪತ್ರ ನೋಡಿಯೇ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಬೇಕು ಅಂತ ದೇಶಕ್ಕೆಲ್ಲ ಅನ್ವಯವಾಗುವ ಸೂಚನೆ ಕೊಟ್ಟಿತು. ಆಮೇಲೆ ನಮ್ಮ ರಾಜ್ಯದಲ್ಲಿ ಎಷ್ಟೋ ಮನೆಗಳು ಟೆಂಪರರಿ ಕನೆಕ್ಷನ್ನಿನಲ್ಲೇ ನಿಂತವು. ಸಣ್ಣ ಸೈಟಿನವರಿಗೆ ಸರ್ಕಾರ ಸಡಿಲಿಕೆಯ ಮಾತಾಡಿದೆ, ಅದು ನಿಮ್ಮ ಊರಿಗೆ, ನಿಮ್ಮ ಅಳತೆಗೆ ಹೇಗೆ ಅನ್ವಯ ಅಂತ ಸೆಸ್ಕ್ (ನಮ್ಮ ಕಡೆಯ ವಿದ್ಯುತ್ ಕಂಪನಿ) ಕಚೇರಿಯಲ್ಲಿ ಪಾಯ ಹಾಕುವ ಮೊದಲೇ ಕೇಳಿ.

ಇನ್ನೊಬ್ಬರು ಕೇಳಿದರು: "ಅಕ್ರಮ ಸಕ್ರಮ ಬರುತ್ತಲ್ಲ, ಆಗ ದಂಡ ಕಟ್ಟಿದರೆ ಆಯ್ತಲ್ವಾ?"

ಅದನ್ನು ನಂಬಿಕೊಂಡು ದಯವಿಟ್ಟು ಕಟ್ಟಬೇಡಿ. ಅದರ ನಿಯಮಗಳು ಬಂದದ್ದು 2014ರಲ್ಲಿ. ಹೈಕೋರ್ಟು 2016ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಅದಲ್ಲದೆ ಆ ಯೋಜನೆ ಹಳೆಯ ಕಟ್ಟಡಗಳಿಗೆ ಅಂತ ಮಾಡಿದ್ದು, ನೀವು ಮುಂದಿನ ತಿಂಗಳು ಶುರು ಮಾಡುವ ಮನೆಗೆ ಅಲ್ಲ.

ವಾಸ್ತು ಬಗ್ಗೆ ಒಬ್ಬ ಅಮ್ಮ ಕೇಳಿದರು. ಪೂರ್ವಕ್ಕೆ, ಉತ್ತರಕ್ಕೆ ಜಾಸ್ತಿ ಬಿಡಬೇಕು ಅಂತಾರೆ, ನಿಯಮದಲ್ಲಿ ಮುಂದೆ ಜಾಸ್ತಿ ಬಿಡಬೇಕು, ನಮ್ಮದು ದಕ್ಷಿಣದ ರಸ್ತೆ, ಏನು ಮಾಡೋದು ಅಂತ. ನೋಡಿ ಅಮ್ಮ, ನಿಯಮ ಹೇಳುವುದು ಇಷ್ಟಾದರೂ ಬಿಡಿ ಅಂತ. ಅದಕ್ಕಿಂತ ಜಾಸ್ತಿ ಬಿಡಬೇಡಿ ಅಂತ ಎಲ್ಲೂ ಇಲ್ಲ. ಮುಂದೆ ಬಿಡಬೇಕಾದ್ದನ್ನು ಬಿಡಿ. ಉತ್ತರಕ್ಕೆ ಇನ್ನೊಂದು ಅಡಿ ಜಾಸ್ತಿ ಬಿಡಲು ಆದರೆ ಬಿಡಿ, ಈಶಾನ್ಯದಲ್ಲಿ ಸಂಪು ಬರಲಿ. ಆ ಒಂದು ಅಡಿ ಯಾವ ರೂಮಿನಿಂದ ಹೋಗುತ್ತದೆ ಅಂತ ಮಾತ್ರ ಹಾಳೆ ಮೇಲೆ ನೋಡಿ ಒಪ್ಪಿಕೊಳ್ಳಿ.

ನಿಯಮಗಳೆಲ್ಲ ಸರಿ ಅಂತ ಹೇಳುವುದಿಲ್ಲ ಅಂದಿದ್ದೆನಲ್ಲ. ಕೆ.ಆರ್. ಮೊಹಲ್ಲಾ, ಅಗ್ರಹಾರದಂಥ ಹಳೇ ಕಡೆ ಎರಡು ಮನೆಗೆ ಒಂದೇ ಜಂಟಿ ಗೋಡೆ ಇರುತ್ತದೆ. 12 ಅಡಿ ಅಗಲ, 50 ಅಡಿ ಉದ್ದದ ಮನೆ ಅಣ್ಣತಮ್ಮಂದಿರ ಪಾಲಿಗೆ ಬಂದಿರುತ್ತದೆ. ಅಲ್ಲಿ ಎರಡು ಪಕ್ಕ ಜಾಗ ಬಿಡಿ ಅಂದರೆ ಓಣಿ ಉಳಿಯುತ್ತದೆ, ಮನೆ ಉಳಿಯುವುದಿಲ್ಲ. ನಮ್ಮ ಹಿರಿಯರು ಇಂಥ ಮನೆಗಳಿಗೆ ನಡುವೆ ತೊಟ್ಟಿ ಬಿಟ್ಟು ಗಾಳಿ ಬೆಳಕು ತರುತ್ತಿದ್ದರು. ಪಕ್ಕ ಬಿಡುವ ಬದಲು ನಡುವೆ ಅಷ್ಟೇ ಜಾಗ ಬಿಡುತ್ತೇನೆ ಅಂದರೆ ಒಪ್ಪಿಕೊಳ್ಳುವ ನಿಯಮ ಸ್ಪಷ್ಟವಾಗಿ ಬರಬೇಕು ಅಂತ ನನ್ನ ಆಸೆ. ಇನ್ನೊಂದು, 20×30ಕ್ಕೆ, 30×40ಕ್ಕೆ ನಿಯಮಕ್ಕೆ ಒಪ್ಪುವ ನಾಲ್ಕೈದು ಸಿದ್ಧ ನಕ್ಷೆಗಳನ್ನು ಸ್ಥಳೀಯ ಸಂಸ್ಥೆಗಳೇ ಕೊಡಬೇಕು. ಪೂರ್ವದ ರಸ್ತೆಗೆ ಒಂದು, ಪಶ್ಚಿಮಕ್ಕೆ ಒಂದು ಹೀಗೆ. ದಿನಗೂಲಿ ಮಾಡಿ ಸೈಟು ಕೊಂಡವರು ಅದನ್ನು ತೆಗೆದುಕೊಂಡು ಸೀದಾ ಕಟ್ಟಬಹುದು. ನನ್ನಂಥವರಿಗೆ ಕೆಲಸ ಕಡಿಮೆಯಾದರೂ ಪರವಾಗಿಲ್ಲ, ಆಗಬೇಕಾದ ಕೆಲಸ ಅದು.

ಕೊನೆಯ ಪ್ರಶ್ನೆ ಒಬ್ಬ ಹುಡುಗನದ್ದು. "ಈಗ ಕೆಳಗಿನ ಮನೆಗಷ್ಟೇ ದುಡ್ಡಿದೆ. ಮೇಲಿನದು ನಾಲ್ಕೈದು ವರ್ಷ ಬಿಟ್ಟು. ನಕ್ಷೆ ಹೇಗೆ ಮಾಡಿಸಲಿ?"

ಎರಡೂ ಮಹಡಿಯ ನಕ್ಷೆಯನ್ನು ಈಗಲೇ ಬರೆಸಪ್ಪ. ಪಾಯ, ಪಿಲ್ಲರ್ ಎರಡು ಮಹಡಿಯ ಭಾರಕ್ಕೆ ಲೆಕ್ಕ ಹಾಕಿಸು. ಮೆಟ್ಟಿಲು ಎಲ್ಲಿ ಬರುತ್ತದೆ ಅಂತ ಈಗಲೇ ಗುರುತು ಮಾಡಿ, ಆ ಜಾಗದಲ್ಲಿ ಮಾತ್ರ ಕಾಂಕ್ರೀಟು ಮೋಲ್ಡು ಹಾಕದೆ ಶೀಟು ಹಾಕು. ಇಲ್ಲದಿದ್ದರೆ ನಾಳೆ ಮೆಟ್ಟಿಲು ಹೊರಗೆ ಸೆಟ್‌ಬ್ಯಾಕಿಗೇ ಬರುತ್ತದೆ. ಮಂಜೂರಾತಿಗೂ ಅವಧಿ ಇರುತ್ತದೆ, ಅದು ಮುಗಿದ ಮೇಲೆ ಮೇಲಿನದನ್ನು ಕಟ್ಟುವುದಾದರೆ ಮತ್ತೆ ಅರ್ಜಿ ಹಾಕಬೇಕು. ಆಗ ಕೆಳಗಿನ ಮನೆ ನಕ್ಷೆಯಂತೆ ಇದೆಯಾ ಅಂತ ನೋಡುತ್ತಾರೆ. ಅದಕ್ಕೇ ಮಂಜೂರಾದ ನಕ್ಷೆ, ರಸೀದಿ, ಪಾಯ ಹಾಕಿದಾಗಿನ ಫೋಟೋ ಎಲ್ಲವನ್ನೂ ಒಂದು ಫೈಲಿನಲ್ಲಿ ಇಟ್ಟುಕೋ. ಕಂಬಿ ಕಟ್ಟಿದ ದಿನ, ಕಾಂಕ್ರೀಟು ಹಾಕುವ ಮೊದಲು, ಟೇಪು ಹಿಡಿದು ಫೋಟೋ ತೆಗೆಸು. ಮೇಲೆ ಕಟ್ಟುವಾಗ ಬರುವ ಇಂಜಿನಿಯರ್ ಮೊದಲು ಕೇಳುವುದು ಅದನ್ನೇ.